ಒಂದೇ ಕಾಲಂ, ಮೂರು ಸಂಬಳ: ಬೇಸ್‌ಬಾಲ್ ಸಿಮ್ಯುಲೇಷನ್ ಫೈಲಿನಲ್ಲಿ ಒಹ್ತಾನಿ ಒಪ್ಪಂದ

2023ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ ಜಪಾನಿನ ಆಟಗಾರ ಶೋಹೇ ಒಹ್ತಾನಿ ಜೊತೆ 10 ವರ್ಷಕ್ಕೆ 70 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡಿತು. ತಂಡವನ್ನು ನಾವೇ ನಡೆಸುವ ಮ್ಯಾನೇಜರ್ ಮಾದರಿಯ ಕಂಪ್ಯೂಟರ್ ಬೇಸ್‌ಬಾಲ್ ಆಟಗಳಿಗೆ 2024ರ ರೋಸ್ಟರ್ ಫೈಲ್ (ತಂಡಗಳ ಆಟಗಾರರ ಮತ್ತು ಸಂಬಳಗಳ ಪಟ್ಟಿ) ಕಟ್ಟುವವರಿಗೆ ಅಲ್ಲಿಂದ ತಲೆನೋವು ಶುರು. ಆತನ ಸಾಲಿನ ಸಂಬಳದ ಕಾಲಂನಲ್ಲಿ 7 ಕೋಟಿ ಬರೆದರೆ ಅದಕ್ಕೆ ಆಧಾರವಿದೆ. 20 ಲಕ್ಷ ಬರೆದರೂ ಆಧಾರವಿದೆ. 4.6 ಕೋಟಿ ಬರೆದರೂ ಇದೆ. ಮೂರೂ ಒಂದೇ ಒಪ್ಪಂದದಿಂದ ಹೊರಟ ಅಂಕಿಗಳು, ಮೂರೂ ನಿಜ. ಆಟ ಕೊಡುವ ಕಾಲಂ ಮಾತ್ರ ಒಂದೇ.

ಯಾವ ಅಂಕಿ ಬರೆಯಬೇಕು ಎಂಬ ಜಗಳದಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ 'ಆತನ ನಿಜವಾದ ಸಂಬಳ ಎಷ್ಟು' ಎಂಬುದು. ಅದಕ್ಕೆ ಉತ್ತರ ಸಿಕ್ಕರೂ ಫೈಲ್ ಸರಿಹೋಗುವುದಿಲ್ಲ. ಆಟದ ಒಳಗೆ ಯಾವ ಯಾವ ಲೆಕ್ಕ ಈ ಕಾಲಂ ಅನ್ನು ಓದುತ್ತದೆ ಎಂಬುದನ್ನು ಮೊದಲು ನೋಡಬೇಕು. ಅಂಕಿ ಅದರ ನಂತರ.

ಒಪ್ಪಂದದಲ್ಲಿ ಏನಿದೆ

ವರ್ಷಕ್ಕೆ 7 ಕೋಟಿ ಡಾಲರ್. ಅದರಲ್ಲಿ ಆಯಾ ವರ್ಷ ಕೈಗೆ ಬರುವುದು 20 ಲಕ್ಷ ಮಾತ್ರ. ಉಳಿದ 6.8 ಕೋಟಿ ಬಡ್ಡಿಯಿಲ್ಲದೆ ಮುಂದಕ್ಕೆ ಹೋಗುತ್ತದೆ. ಹೀಗೆ ಮುಂದೂಡಿದ ಒಟ್ಟು 68 ಕೋಟಿ 2034ರಿಂದ 2043ರವರೆಗೆ ಪಾವತಿಯಾಗುತ್ತದೆ. 2024ರ ಬಾಕಿ 2034ಕ್ಕೆ, 2025ರದ್ದು 2035ಕ್ಕೆ, ಕೊನೆಯದಾದ 2033ರದ್ದು 2043ಕ್ಕೆ. ಅಂದರೆ ಪ್ರತಿ ಕಂತೂ ಸರಿಯಾಗಿ ಹತ್ತು ವರ್ಷ ಕಾಯುತ್ತದೆ. ಲೆಕ್ಕ ಮಾಡುವವರಿಗೆ ಇದು ವರ: ಹತ್ತು ಬೇರೆ ಬೇರೆ ಲೆಕ್ಕದ ಬದಲು ಒಂದೇ ಲೆಕ್ಕ ಸಾಕು.

ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಸಂಬಳಕ್ಕೆ ಗಟ್ಟಿ ಮಿತಿ ಇಲ್ಲ, ಲಕ್ಸುರಿ ಟ್ಯಾಕ್ಸ್ ಇದೆ, ಅಂದರೆ ತಂಡದ ಒಟ್ಟು ಸಂಬಳ ಗೊತ್ತುಮಾಡಿದ ಗಡಿ ದಾಟಿದರೆ ಕಟ್ಟುವ ತೆರಿಗೆ. ಆ ತೆರಿಗೆಗೆ ಪ್ರತಿ ಆಟಗಾರನ ಒಪ್ಪಂದದ ವಾರ್ಷಿಕ ಸರಾಸರಿಯನ್ನು ಹಿಡಿಯುತ್ತಾರೆ. ಮುಂದೂಡಿದ ಹಣವಿದ್ದರೆ ಅದನ್ನು ಇಂದಿನ ಮೌಲ್ಯಕ್ಕೆ ಇಳಿಸಿ ಹಿಡಿಯುತ್ತಾರೆ. ಒಹ್ತಾನಿ ಒಪ್ಪಂದಕ್ಕೆ ಹಿಡಿದ ಬಡ್ಡಿದರ 4.43 ಶೇಕಡ. ಕ್ಯಾಲ್ಕುಲೇಟರ್‌ನಲ್ಲಿ 1.0443 ಅನ್ನು ಹತ್ತು ಸಲ ಬರೆದು ಒಂದಕ್ಕೊಂದು ಗುಣಿಸಿದರೆ 1.5426 ಬರುತ್ತದೆ. 6.8 ಕೋಟಿಯನ್ನು ಅದರಿಂದ ಭಾಗಿಸಿದರೆ 4.408 ಕೋಟಿ. ಕೈಗೆ ಬರುವ 20 ಲಕ್ಷ ಸೇರಿಸಿದರೆ 4.608 ಕೋಟಿ. ಲೀಗ್ ತೆರಿಗೆಗೆ ಹಿಡಿದ ಸುಮಾರು 4.6 ಕೋಟಿ ಬಂದದ್ದು ಹೀಗೆ.

ಬಡ್ಡಿದರ ಒಪ್ಪಂದದ ಹೊತ್ತಿಗೆ ನಿಗದಿಯಾಗಿಬಿಡುತ್ತದೆ, ಮತ್ತೆ ಬದಲಾಗುವುದಿಲ್ಲ. ಮುಂದಿನ ವರ್ಷದ ಫೈಲ್ ಮಾಡುವಾಗ ಹೊಸ ದರ ಹಾಕಿ ಮತ್ತೆ ಇಳಿಸಿ ಕೂರಬಾರದು. 2025ರ ಫೈಲಿಗೂ 2030ರ ಫೈಲಿಗೂ ಅದೇ 4.608.

ತಪ್ಪು ಅಂಕಿಯ ಬೆಲೆ

ಅಂಕಿ ಒಂದೇ ಆಟಗಾರನದು, ಅದರಿಂದ ಏನಾಗಿಬಿಡುತ್ತದೆ ಎನ್ನುವವರು ಡಾಡ್ಜರ್ಸ್ 2024ರಲ್ಲಿ ಕಟ್ಟಿದ ತೆರಿಗೆಯನ್ನು ಒಮ್ಮೆ ಬಿಡಿಸಿ ನೋಡಬೇಕು. ಆ ವರ್ಷದ ಗಡಿ 23.7 ಕೋಟಿ. ತೆರಿಗೆ ಲೆಕ್ಕದಲ್ಲಿ ತಂಡದ ಒಟ್ಟು ಸಂಬಳ ಸುಮಾರು 35.3 ಕೋಟಿ, ಅಂದರೆ ಗಡಿಗಿಂತ 11.6 ಕೋಟಿ ಹೆಚ್ಚು. ಸತತ ಮೂರನೆಯ ವರ್ಷ ಅಥವಾ ಅದಕ್ಕಿಂತ ಹೆಚ್ಚು ಸಲ ಗಡಿ ದಾಟಿದ ತಂಡಕ್ಕೆ ಮೂಲ ದರವೇ 50 ಶೇಕಡ. ಗಡಿಯ ಮೇಲಿನ ಮೊದಲ 2 ಕೋಟಿಗೆ ಅದೇ ದರ, ಮುಂದಿನ 2 ಕೋಟಿಗೆ 62, ಅದರ ಮುಂದಿನ 2 ಕೋಟಿಗೆ 95, ಆರು ಕೋಟಿ ದಾಟಿದ ಮೇಲೆ 110 ಶೇಕಡ. ಹಂತ ಹಂತವಾಗಿ ಕೂಡಿದರೆ 1 ಕೋಟಿ, 1.24 ಕೋಟಿ, 1.9 ಕೋಟಿ, ಕೊನೆಯ 5.6 ಕೋಟಿಗೆ 6.16 ಕೋಟಿ. ಒಟ್ಟು 10.3 ಕೋಟಿ ಡಾಲರ್. ತಂಡ ನಿಜವಾಗಿ ಕಟ್ಟಬೇಕಾಗಿ ಬಂದದ್ದೂ ಇಷ್ಟೇ.

ಈಗ ಒಹ್ತಾನಿಯ ಅಂಕಿಯೊಂದನ್ನೇ ಬದಲಿಸೋಣ. 4.608ರ ಜಾಗದಲ್ಲಿ 7 ಕೋಟಿ ಬರೆದರೆ ಹೆಚ್ಚುವ 2.39 ಕೋಟಿಯೆಲ್ಲ 110 ಶೇಕಡದ ಹಂತಕ್ಕೇ ಹೋಗಿ ಬೀಳುತ್ತದೆ. ತೆರಿಗೆ 12.9 ಕೋಟಿಗೆ ಏರುತ್ತದೆ. 20 ಲಕ್ಷ ಬರೆದರೆ 4.41 ಕೋಟಿ ಕಡಿಮೆಯಾಗಿ ತೆರಿಗೆ 5.45 ಕೋಟಿಗೆ ಇಳಿಯುತ್ತದೆ. ಒಂದು ಕಾಲಂನಲ್ಲಿ ಯಾವ ಅಂಕಿ ಬಿತ್ತು ಎಂಬುದರ ಮೇಲೆ ತಂಡದ ತೆರಿಗೆಯಲ್ಲಿ 7.5 ಕೋಟಿಯಷ್ಟು ಅಂತರ! ಮಧ್ಯಮ ದರ್ಜೆಯ ಮೂರ್ನಾಲ್ಕು ಪಿಚರ್‌ಗಳ ಸಂಬಳ ಅದರಲ್ಲಿ ಆರಾಮವಾಗಿ ಬರುತ್ತದೆ, ಆಟದಲ್ಲಿ ಕಂಪ್ಯೂಟರ್ ನಡೆಸುವ ತಂಡ ಆ ಹಣವನ್ನು ಖರ್ಚು ಮಾಡಿಯೇ ಮಾಡುತ್ತದೆ.

ತೆರಿಗೆ ಕಣ್ಣಿಗೆ ಕಾಣುವ ಪರಿಣಾಮ. ಟ್ರೇಡ್ (ತಂಡಗಳ ನಡುವೆ ಆಟಗಾರರ ವಿನಿಮಯ) ಮತ್ತು ಮಾರುಕಟ್ಟೆಯಲ್ಲಿ ಆಗುವ ಎಡವಟ್ಟು ಎರಡು-ಮೂರು ಋತು ಕಳೆದ ಮೇಲೆ ಕಾಣಿಸುತ್ತದೆ. ಆಗ ಮೂಲ ಎಲ್ಲಿದೆ ಎಂದು ಹುಡುಕುವುದು ಕಷ್ಟ.

ಟ್ರೇಡ್ ಲೆಕ್ಕ ಹಾಕುವ ಆಟಗಳು ಆಟಗಾರನ ಸಾಮರ್ಥ್ಯವನ್ನೂ ಸಂಬಳವನ್ನೂ ಎದುರುಬದುರು ಇಟ್ಟು ತೂಗುತ್ತವೆ. 20 ಲಕ್ಷಕ್ಕೆ ಸಿಗುವ ಒಹ್ತಾನಿ ಅಂಥ ಲೆಕ್ಕಕ್ಕೆ ಭೂಮಿಯ ಮೇಲಿನ ಅತಿ ಅಗ್ಗದ ಆಟಗಾರ. ಪ್ರತಿ ತಂಡವೂ ತನ್ನ ಅತ್ಯುತ್ತಮ ಎಳೆಯ ಆಟಗಾರರನ್ನೆಲ್ಲ ಮುಂದಿಟ್ಟು ಆತನನ್ನು ಕೇಳುತ್ತದೆ. 7 ಕೋಟಿ ಬರೆದರೆ ಇದಕ್ಕೆ ತಿರುಗುಮುರುಗು: ಮೂವತ್ತೈದು ದಾಟಿದ ಮೇಲೆ ಆತ ಯಾರಿಗೂ ಬೇಡದ ಹೊರೆಯಾಗುತ್ತಾನೆ, ಕಂಪ್ಯೂಟರ್ ಡಾಡ್ಜರ್ಸ್ ಆತನನ್ನು ಸಾಗಹಾಕಲು ಜೊತೆಗೆ ಒಬ್ಬ ಒಳ್ಳೆಯ ಎಳೆಯನನ್ನೂ ಕೊಡಲು ಹೊರಡುತ್ತದೆ.

ಮಾರುಕಟ್ಟೆಯ ಕಥೆ ಇನ್ನೂ ಸೂಕ್ಷ್ಮ. ಸ್ಟಾರ್ ಆಟಗಾರ ಎಷ್ಟು ಕೇಳಬೇಕು ಎಂಬುದನ್ನು ಎಷ್ಟೋ ಆಟಗಳು ಲೀಗಿನ ಅತಿ ಹೆಚ್ಚಿನ ಸಂಬಳಗಳನ್ನು ನೋಡಿ ನಿರ್ಧರಿಸುತ್ತವೆ. ತುದಿಯಲ್ಲಿ 7 ಕೋಟಿ ಕೂತಿದ್ದರೆ ಮುಂದಿನ ಚಳಿಗಾಲದಲ್ಲಿ ಒಪ್ಪಂದ ಮುಗಿದು ಯಾವ ತಂಡವನ್ನಾದರೂ ಸೇರಬಲ್ಲ ಫ್ರೀ ಏಜೆಂಟ್‌ಗಳು ಅಲ್ಲಿಂದಲೇ ಮಾತು ಶುರುಮಾಡುತ್ತಾರೆ. ನಿಜ ಲೋಕದಲ್ಲಿ ನಡೆದದ್ದೇನು? 2024ರ ಡಿಸೆಂಬರ್‌ನಲ್ಲಿ ಹುವಾನ್ ಸೋಟೋ ನ್ಯೂಯಾರ್ಕ್ ಮೆಟ್ಸ್ ಸೇರಿದ್ದು 15 ವರ್ಷಕ್ಕೆ 76.5 ಕೋಟಿಗೆ, ಒಂದು ಡಾಲರನ್ನೂ ಮುಂದೂಡದೆ. ವರ್ಷಕ್ಕೆ 5.1 ಕೋಟಿ. ಒಹ್ತಾನಿಯ 4.6ರ ಪಕ್ಕದಲ್ಲಿಟ್ಟರೆ ಅದು ಏರಿಕೆ, 7ರ ಪಕ್ಕದಲ್ಲಿಟ್ಟರೆ ಕುಸಿತ. ಸೋಟೋ ಒಪ್ಪಂದವನ್ನು ಎಲ್ಲರೂ ದಾಖಲೆ ಎಂದೇ ಕರೆದರು. ಮಾರುಕಟ್ಟೆ ಒಹ್ತಾನಿಯನ್ನು ಯಾವ ಅಂಕಿಯಲ್ಲಿ ಓದಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

'ಆದರೆ ತಂಡ ಕೊಡುವುದು 20 ಲಕ್ಷ ತಾನೆ?'

20 ಲಕ್ಷದ ಪರ ವಾದಿಸುವವರ ಗಟ್ಟಿ ಅಸ್ತ್ರ ಇದು. ನಗದು ಬಜೆಟ್ ಮುಖ್ಯವಾದ ಆಟದಲ್ಲಿ ತಂಡದ ಖಜಾನೆಯಿಂದ ಈ ವರ್ಷ ಹೊರಹೋಗುವ ಹಣವನ್ನೇ ಬರೆಯಬೇಕಲ್ಲವೇ?

ಲೀಗ್ ಮತ್ತು ಆಟಗಾರರ ಸಂಘದ ನಡುವಿನ ಒಡಂಬಡಿಕೆಯನ್ನು ಓದಿದರೆ ಈ ವಾದ ಬಹಳ ದೂರ ಹೋಗುವುದಿಲ್ಲ. ಮುಂದೂಡಿದ ಹಣವನ್ನು ತಂಡ 2034ರವರೆಗೆ ಮರೆತು ಕೂರುವಂತಿಲ್ಲ. ಆಟಗಾರ ಆ ಹಣ ಗಳಿಸಿದ ಋತುವಿನ ನಂತರ ಬರುವ ಎರಡನೆಯ ಜುಲೈ 1ರೊಳಗೆ ಅದರ ಇಂದಿನ ಮೌಲ್ಯದಷ್ಟನ್ನು ತೆಗೆದಿಡಬೇಕು. 2024ರ ಬಾಕಿಗೆ ಗಡುವು 2026ರ ಜುಲೈ 1. ಮೊತ್ತ ಸುಮಾರು 4.4 ಕೋಟಿ. 2033ರ ಬಾಕಿಗೆ 2035ರ ಜುಲೈ 1. ಹಾಗಾಗಿ ತಂಡದ ಬೊಕ್ಕಸದ ಮೇಲೆ ವರ್ಷಕ್ಕೆ ಬೀಳುವ ಭಾರ 20 ಲಕ್ಷವೂ 4.4 ಕೋಟಿಯೂ ಕೂಡಿದಷ್ಟು. ಸುತ್ತಿ ಬಳಸಿ ಮತ್ತೆ 4.6ರ ಹತ್ತಿರಕ್ಕೇ ಬಂದು ನಿಲ್ಲುತ್ತೇವೆ, ಎರಡು ವರ್ಷದ ಹಿಂದೆ ಮುಂದೆ ಅಷ್ಟೆ.

ಒಂದೇ ಕಾಲಂ ಇರುವ ಆಟಕ್ಕೆ 4.608 ಕೋಟಿಯೇ ಸರಿ ಎಂದು ಹೇಳುವುದು ಈ ಕಾರಣಕ್ಕೆ. ತೆರಿಗೆ, ನಗದು, ಟ್ರೇಡ್, ಮಾರುಕಟ್ಟೆ ನಾಲ್ಕೂ ಲೆಕ್ಕಕ್ಕೆ ಅದು ಹತ್ತಿರದ ಅಂಕಿ. 7 ಕೋಟಿ ಪತ್ರಿಕೆಯ ತಲೆಬರಹಕ್ಕೆ ಚೆಂದ, ಬೇರಾವ ಲೆಕ್ಕಕ್ಕೂ ಬರುವುದಿಲ್ಲ.

ಆಟ ಕಾಲಂ ಅನ್ನು ಹೇಗೆ ಓದುತ್ತದೆ: ಐದು ನಿಮಿಷದ ಪರೀಕ್ಷೆ

ಕೆಲವು ಆಟಗಳು ತೆರಿಗೆಗೆ ಆ ವರ್ಷದ ಸಂಬಳವನ್ನೇ ಹಿಡಿಯುತ್ತವೆ. ಕೆಲವು ಇಡೀ ಒಪ್ಪಂದದ ಸರಾಸರಿ ತೆಗೆಯುತ್ತವೆ. ಕೈಪಿಡಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿರುವುದು ಅಪರೂಪ. ಫೈಲಿನ ಒಂದು ಪ್ರತಿ ಉಳಿಸಿಕೊಂಡು, ಯಾರೋ ಒಬ್ಬ ಬೆಂಚಿನ ಆಟಗಾರನಿಗೆ ಎರಡು ವರ್ಷದ ಸುಳ್ಳು ಒಪ್ಪಂದ ಬರೆಯಿರಿ: ಮೊದಲ ವರ್ಷ 1 ಕೋಟಿ, ಎರಡನೆಯ ವರ್ಷ 3 ಕೋಟಿ. ಉಳಿದದ್ದೇನನ್ನೂ ಮುಟ್ಟಬೇಡಿ. ತಂಡದ ತೆರಿಗೆ ಮೊತ್ತ, ಆತನ ಹಳೆಯ ಸಂಬಳವನ್ನು ಕಳೆದ ಮೇಲೆ, 1 ಕೋಟಿ ಏರಿದರೆ ಆಟ ವರ್ಷ ನೋಡುತ್ತಿದೆ. 2 ಕೋಟಿ ಏರಿದರೆ ಸರಾಸರಿ ತೆಗೆಯುತ್ತಿದೆ.

ಒಹ್ತಾನಿ ಸಾಲಿಗೆ ಈ ವ್ಯತ್ಯಾಸ ತಟ್ಟುವುದಿಲ್ಲ, ಹತ್ತೂ ವರ್ಷ ಒಂದೇ ಅಂಕಿ. ಅದೇ ತಂಡದ ಯೊಶಿನೊಬು ಯಮಾಮೊಟೊ ಸಾಲಿಗೆ ತಟ್ಟುತ್ತದೆ, ಜೋರಾಗಿಯೇ. ಆತನದು 12 ವರ್ಷಕ್ಕೆ 32.5 ಕೋಟಿ. ಸಹಿ ಬೋನಸ್ 5 ಕೋಟಿ. 2024ರ ಸಂಬಳ 50 ಲಕ್ಷ, 2025ಕ್ಕೆ 1 ಕೋಟಿ, 2026ಕ್ಕೆ 1.2 ಕೋಟಿ. 2027ರಿಂದ ಮೂರು ವರ್ಷ 2.6 ಕೋಟಿ, ನಂತರ ಎರಡು ವರ್ಷ 2.9, ಕೊನೆಯ ನಾಲ್ಕು ವರ್ಷ 2.8. ತೆರಿಗೆಗೆ ಹಿಡಿಯುವ ಸರಾಸರಿ 2.708 ಕೋಟಿ.

ಸರಾಸರಿ ತೆಗೆಯುವ ಆಟವಾದರೆ ವರ್ಷವಾರು ನಿಜವಾದ ಸಂಬಳವನ್ನೇ ಬರೆದು, ಬೋನಸ್ಸಿಗೆ ಬೇರೆ ಕಾಲಂ ಇಲ್ಲದಿದ್ದರೆ ಅದನ್ನು ಮೊದಲ ವರ್ಷಕ್ಕೆ ಸೇರಿಸಿ 5.5 ಕೋಟಿ ಮಾಡಿ. ಒಟ್ಟು 32.5 ಬಂದರೆ ಸರಿ. ವರ್ಷ ನೋಡುವ ಆಟವಾದರೆ ಹನ್ನೆರಡೂ ವರ್ಷ 2.708 ಬರೆಯಿರಿ. ಇಲ್ಲಿ ನಿಜವಾದ 50 ಲಕ್ಷ ಬರೆದರೆ 2024ರಲ್ಲಿ ತಂಡಕ್ಕೆ 2.2 ಕೋಟಿಯ ತೆರಿಗೆ ಜಾಗ ಬಿಟ್ಟಿ ಸಿಕ್ಕಂತೆ. ಆತನನ್ನು ಬಿಟ್ಟುಕೊಟ್ಟದ್ದಕ್ಕಾಗಿ ಹಳೆಯ ಜಪಾನಿ ಕ್ಲಬ್ ಓರಿಕ್ಸ್ ಬಫಲೋಸ್‌ಗೆ ಕೊಟ್ಟ 5.0625 ಕೋಟಿ ಪೋಸ್ಟಿಂಗ್ ಶುಲ್ಕ ತೆರಿಗೆ ಲೆಕ್ಕಕ್ಕೆ ಬರುವುದಿಲ್ಲ. ಸಂಬಳದ ಕಾಲಂಗೆ ಅದನ್ನು ತುರುಕಬೇಡಿ. ನಗದು ತೋರಿಸಲೇಬೇಕೆಂದಿದ್ದರೆ ತಂಡದ ಆರಂಭದ ಬ್ಯಾಲೆನ್ಸ್‌ನಿಂದ ಒಮ್ಮೆ ಕಳೆಯಿರಿ.

ಇಬ್ಬರ ಸಾಲಿನ ಅಂಕಿಯನ್ನೂ ಬೇರೆ ಬೇರೆ ಪಟ್ಟಿಯಿಂದ ಎತ್ತಿ ಬರೆಯುವುದೇ ಫೈಲುಗಳಲ್ಲಿ ಹೆಚ್ಚಾಗಿ ಕಾಣುವ ತಪ್ಪು. ಒಬ್ಬನಿಗೆ ತೆರಿಗೆ ಅಂಕಿ, ಇನ್ನೊಬ್ಬನಿಗೆ ನಗದು ಅಂಕಿ. ಪ್ರತಿ ಸಾಲನ್ನೂ ಬಿಡಿಯಾಗಿ ನೋಡಿದರೆ ಸರಿ, ಕೂಡಿದ ಮೊತ್ತಕ್ಕೆ ಅರ್ಥವೇ ಇಲ್ಲ.

ಉಳಿದ ಕಾಲಂಗಳು

ಒಹ್ತಾನಿಯ ಸಾಲು ಕೊನೆಗೆ ಹೀಗಿರಬೇಕು: ಆರಂಭ 2024, ಕೊನೆ 2033, ಪ್ರತಿ ವರ್ಷ 46080000, ನೋ-ಟ್ರೇಡ್ (ಆತನ ಒಪ್ಪಿಗೆಯಿಲ್ಲದೆ ಬೇರೆ ತಂಡಕ್ಕೆ ಕೊಡುವಂತಿಲ್ಲ) ಹೌದು, ಆಪ್ಟ್-ಔಟ್ ಖಾಲಿ, ತಂಡದ ಆಯ್ಕೆಯ ವರ್ಷ (ತಂಡ ಬೇಕೆಂದರೆ ಒಪ್ಪಂದಕ್ಕೆ ಸೇರಿಸಿಕೊಳ್ಳಬಹುದಾದ ವರ್ಷ) ಖಾಲಿ. ಅಂಕಿಯಲ್ಲಿ ಅಲ್ಪವಿರಾಮ ಬೇಡ. ಎಷ್ಟೋ ಎಡಿಟರ್‌ಗಳು ಮೊದಲ ಅಲ್ಪವಿರಾಮದ ಬಳಿ ಓದುವುದನ್ನು ನಿಲ್ಲಿಸಿ 46 ಡಾಲರ್ ಸಂಬಳ ಕೊಡುತ್ತವೆ. ಎಂಟು ಅಂಕಿ ಇದೆಯೇ ಎಂದು ಎಣಿಸಿ. ಏಳು ಅಂಕಿಯಾದರೆ 46 ಲಕ್ಷ, ಕಣ್ಣಿಗೆ ಬೇಗ ಬೀಳುವುದಿಲ್ಲ.

ಆಪ್ಟ್-ಔಟ್ ಯಾಕೆ ಖಾಲಿ? ಒಪ್ಪಂದದಲ್ಲಿ ಹೊರಬರುವ ಹಕ್ಕು ಇದೆ, ನಿಜ. ಆದರೆ ಅದು ವರ್ಷಕ್ಕೆ ಕಟ್ಟಿದ ಹಕ್ಕಲ್ಲ. ಮಾಲೀಕ ಮಾರ್ಕ್ ವಾಲ್ಟರ್ ಅಥವಾ ಬೇಸ್‌ಬಾಲ್ ವಿಭಾಗದ ಮುಖ್ಯಸ್ಥ ಆಂಡ್ರ್ಯೂ ಫ್ರೀಡ್‌ಮನ್ ತಮ್ಮ ಸ್ಥಾನ ಬಿಟ್ಟರೆ ಮಾತ್ರ ಜಾರಿಗೆ ಬರುವಂಥದ್ದು. ಆಟದ ಆಪ್ಟ್-ಔಟ್ ಕಾಲಂ ಕೇಳುವುದು ಒಂದು ಇಸವಿಯನ್ನು. ಊಹಿಸಿ 2028 ಎಂದು ಬರೆದರೆ, ಆತ ಚೆನ್ನಾಗಿ ಆಡುತ್ತಿದ್ದರೆ ಕಂಪ್ಯೂಟರ್ ಆ ವರ್ಷ ಆತನನ್ನು ಖಂಡಿತ ಹೊರಗೆ ಕರೆದೊಯ್ಯುತ್ತದೆ. ಇಂಥ ಕಡೆ ಅರ್ಧ ಸತ್ಯ ಬರೆಯುವುದಕ್ಕಿಂತ ಬಿಟ್ಟುಬಿಡುವುದು ಮೇಲು. ನೋ-ಟ್ರೇಡ್ ಮಾತ್ರ ಮರೆಯಬೇಡಿ.

ಸೇವಾ ಅವಧಿಯ (ಮೇಜರ್ ಲೀಗಿನಲ್ಲಿ ಕಳೆದ ಕಾಲದ) ಕಾಲಂ ಒಹ್ತಾನಿಗೆ ಸಮಸ್ಯೆಯಲ್ಲ. 2018ರಿಂದ 2023ರವರೆಗೆ ಆರು ವರ್ಷ ತುಂಬಿದ ಮೇಲೇ ಆತ ಫ್ರೀ ಏಜೆಂಟ್ ಆದದ್ದು. ತೊಂದರೆ ತಂಡದ ಎಳೆಯರಲ್ಲಿ. 172 ದಿನಕ್ಕೆ ಒಂದು ಸೇವಾ ವರ್ಷ, ಮೂರು ವರ್ಷಕ್ಕೆ ಆರ್ಬಿಟ್ರೇಷನ್ (ಸಂಬಳವನ್ನು ಮಧ್ಯಸ್ಥರ ಮುಂದೆ ಇತ್ಯರ್ಥ ಮಾಡಿಸಿಕೊಳ್ಳುವ ಹಕ್ಕು), ಆರಕ್ಕೆ ಬೇರೆ ತಂಡ ಸೇರುವ ಸ್ವಾತಂತ್ರ್ಯ. ಒಬ್ಬನ ಸೇವೆ 2 ವರ್ಷ 171 ದಿನ ಇದ್ದದ್ದನ್ನು 3 ವರ್ಷ ಎಂದು ದುಂಡು ಮಾಡಿದರೆ ಆತ ಒಂದು ವರ್ಷ ಮೊದಲೇ ಮಾರುಕಟ್ಟೆಗೆ ಹೋಗುತ್ತಾನೆ. ಇದು ಸಂಬಳದ ತಪ್ಪಿಗಿಂತ ದುಬಾರಿ, ಗೊತ್ತಾಗುವುದು ತಡವಾಗಿ. ಕನಿಷ್ಠ ಸಂಬಳದವರಿಗೆ 2024ರ 7,40,000 ಬದಲು 2023ರ 7,20,000 ಉಳಿದುಹೋಗಿದ್ದರೆ ಸರಿಪಡಿಸಿ, ಅದಕ್ಕಾಗಿ ನಿದ್ದೆಗೆಡಬೇಕಾಗಿಲ್ಲ.

ಮೊತ್ತ ತಾಳೆಯಾಗದಿದ್ದಾಗ

ಎಲ್ಲ ಸಾಲು ತುಂಬಿದ ಮೇಲೆ ಫೈಲಿನ ಮೊತ್ತವನ್ನು ಪ್ರಕಟವಾದ 35.3 ಕೋಟಿಯ ಜೊತೆ ಹೋಲಿಸಿದರೆ ಕಡಿಮೆ ಬರುತ್ತದೆ. ಅಲ್ಲಿ ಗಾಬರಿಯಾಗಿ ಯಾರ ಸಂಬಳವನ್ನೋ ಏರಿಸಲು ಹೋಗಬೇಡಿ. ಲೀಗಿನ ಲೆಕ್ಕದಲ್ಲಿ ಆಟಗಾರರ ವಿಮೆ, ಪಿಂಚಣಿ ಮುಂತಾದ ಸೌಲಭ್ಯಗಳ ಪಾಲು ಪ್ರತಿ ತಂಡಕ್ಕೂ ಸುಮಾರು 1.7 ಕೋಟಿ ಸೇರಿರುತ್ತದೆ. ಆರ್ಬಿಟ್ರೇಷನ್‌ಗೆ ಇನ್ನೂ ಬಾರದ ಆಟಗಾರರಿಗೆ ಮೀಸಲಾದ 5 ಕೋಟಿಯ ಬೋನಸ್ ನಿಧಿಯನ್ನು 30 ತಂಡಗಳಿಗೆ ಹಂಚಿದಾಗ ಬರುವ 16.7 ಲಕ್ಷವೂ ಅದರಲ್ಲಿದೆ. ಇವೆರಡೇ 1.87 ಕೋಟಿ. ಜೊತೆಗೆ ಋತುವಿನ ನಡುವೆ ಬಂದುಹೋದವರ ಸಂಬಳ, ಗಳಿಸಿದ ಬೋನಸ್, ಬಿಟ್ಟುಕೊಟ್ಟ ಆಟಗಾರರಿಗೆ ಕೊಡುತ್ತಲೇ ಇರುವ ಹಣ. ಋತುವಿನ ಮೊದಲ ದಿನದ ಫೈಲಿನಲ್ಲಿ ಇವು ಇರುವುದಕ್ಕೆ ಸಾಧ್ಯವಿಲ್ಲ.

ಆಟದಲ್ಲಿ ಸೌಲಭ್ಯಗಳಿಗೆ ಜಾಗವಿಲ್ಲದಿದ್ದರೆ ಸಂಬಳಗಳನ್ನು ಮುಟ್ಟದೆ ಲೀಗಿನ ತೆರಿಗೆ ಗಡಿಯನ್ನೇ ಅಷ್ಟು ಇಳಿಸಿ: 23.7ರ ಬದಲು 21.83 ಕೋಟಿ. ಮೂವತ್ತೂ ತಂಡಕ್ಕೆ ಒಂದೇ ತಿದ್ದುಪಡಿಯಲ್ಲಿ ಕೆಲಸ ಮುಗಿಯುತ್ತದೆ. 2025ಕ್ಕೆ ಗಡಿ 24.1, 2026ಕ್ಕೆ 24.4 ಕೋಟಿ. ಅಲ್ಲೂ ಇದೇ ಕಳೆಯುವಿಕೆ.

2034ರ ನಂತರ

ದೀರ್ಘ ಆಟ ಆಡುವವರು 2034 ಮುಟ್ಟುತ್ತಾರೆ, ಆಗ ಎರಡು ಬಗೆಯ ಎಡವಟ್ಟು ನಡೆಯುತ್ತದೆ. ಮೊದಲನೆಯದು ಒಪ್ಪಂದವನ್ನು ಇಪ್ಪತ್ತು ವರ್ಷಕ್ಕೆ ಬರೆದು ಕೊನೆಯ ಹತ್ತಕ್ಕೆ 6.8 ಕೋಟಿ ಹಾಕುವುದು. ಪಾವತಿಯ ಪಟ್ಟಿ ಹಾಗೇ ಕಾಣುತ್ತದೆ, ಸರಿ. ಆದರೆ ಆಟಕ್ಕೆ ಒಪ್ಪಂದ ಎಂದರೆ ಆಟಗಾರನೂ ತಂಡದಲ್ಲಿದ್ದಾನೆ ಎಂದರ್ಥ. 1994ರ ಜುಲೈನಲ್ಲಿ ಹುಟ್ಟಿದ ಒಹ್ತಾನಿಗೆ 2043ರಲ್ಲಿ 49 ತುಂಬುತ್ತದೆ. ಅಷ್ಟರೊಳಗೆ ಆತ ನಿವೃತ್ತನಾದರೆ ಬಹುತೇಕ ಆಟಗಳು ಬಾಕಿಯನ್ನೇ ಅಳಿಸಿಹಾಕುತ್ತವೆ, ನಿವೃತ್ತನಾಗದಿದ್ದರೆ ರೋಸ್ಟರಿನಲ್ಲಿ ಒಂದು ಜಾಗ ಹಿಡಿದು ಕೂರುತ್ತಾನೆ. ಸರಾಸರಿ ತೆಗೆಯುವ ಆಟದಲ್ಲಂತೂ 70 ಕೋಟಿ ಇಪ್ಪತ್ತರಿಂದ ಭಾಗವಾಗಿ 3.5 ಕೋಟಿ ಎಂಬ ಯಾರದೂ ಅಲ್ಲದ ಅಂಕಿ ಹುಟ್ಟುತ್ತದೆ.

ಎರಡನೆಯದು, 2024ರಿಂದ 4.608 ಬರೆದು ಮುಗಿಸಿದ ಮೇಲೆ 2034ಕ್ಕೆ ಬಂದಾಗ 'ಬಾಕಿ ಕೊಡಬೇಕಲ್ಲ' ಎಂದು ತಂಡದ ಇತರೆ ಖರ್ಚಿಗೆ ವರ್ಷಕ್ಕೆ 6.8 ಕೋಟಿ ಸೇರಿಸುವುದು. ಅದು ಒಂದೇ ಸಾಲಕ್ಕೆ ಎರಡು ಸಲ ಕಟ್ಟಿದಂತೆ. ತೆಗೆದಿಡಬೇಕಾದ ಹಣ ಆ ಹತ್ತು ವರ್ಷಗಳ ಸಂಬಳದಲ್ಲೇ ಕಳೆದುಹೋಗಿದೆ. ತೆರಿಗೆಗೂ ನಗದಿಗೂ ಬೇರೆ ಬೇರೆ ಕಾಲಂ ಇರುವ ಆಟದಲ್ಲಿ ತೆರಿಗೆಗೆ 4.608, ನಗದಿಗೆ 20 ಲಕ್ಷ ಎಂದು ಬರೆದವರು ಮಾತ್ರ ಇತರೆ ಖರ್ಚಿನ ಕಡೆ ಹೋಗಬೇಕು. ಆಗಲೂ ಸೇರಿಸಬೇಕಾದದ್ದು 2026ರಿಂದ 2035ರವರೆಗೆ ವರ್ಷಕ್ಕೆ 4.4 ಕೋಟಿ. 2036ರಿಂದ ಆ ಸಾಲು ಸೊನ್ನೆ.